ದಾಕ್ಷಿಣ್ಯ ಕನ್ನಡ

"ಮಾವ, ನಾಳೆ ಮನೆಯಲ್ಲಿದ್ದೀರಾ?"

ಅಳಿಯ, ಎಂದರೆ ನನ್ನ ಅಕ್ಕನ ಮಗ, ಫೋನಿನಲ್ಲಿ ಹೀಗೆ ಕೇಳಿದಾಗಲೇ ನನಗೆ ವಾಸನೆ ಬಡಿಯಿತು. ಗಣಿತದ ಮಾಸ್ಟ್ರ ಕೆಲಸದಿಂದ ನಿವೃತ್ತನಾಗಿ ಹನ್ನೊಂದು ವರ್ಷವಾಯಿತು, ಮನೆಯಲ್ಲಿರದೆ ನಾನು ಇನ್ನೆಲ್ಲಿಗೆ ಹೋಗುವುದು? ಅದೂ ಈ ಹುಡುಗ ಕೋಲಕ್ಕೆ ಬರಲಿ, ಪೂಜೆಗೆ ಬರಲಿ, ಸೀದಾ ಅಡುಗೆಮನೆಗೇ ನುಗ್ಗಿ "ಅತ್ತೆ, ಎಂತ ಉಂಟು ತಿನ್ಲಿಕ್ಕೆ?" ಎನ್ನುವವ. ಅಂಥವ ಮುಂಚಿತವಾಗಿ ಫೋನು ಮಾಡಿ, "ಒಂದು ವಿಷಯ ಮಾತಾಡ್ಲಿಕ್ಕುಂಟು, ಫೋನಲ್ಲಿ ಹೇಳಿದ್ರೆ ಅರ್ಥ ಆಗುದಿಲ್ಲ" ಎಂದರೆ ಅದು ಒಂದೋ ಪ್ರೇಮವಿವಾಹ, ಇಲ್ಲವೇ ನೆಟ್‌ವರ್ಕ್ ಮಾರ್ಕೆಟಿಂಗ್. ಪ್ರೇಮವಿವಾಹವೇ ಆಗಿರಲಿ ತಾಯೀ ಎಂದು ಪೊಳಲಿ ಅಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಮ್ಮ ನಡೆಸಿಕೊಡಲಿಲ್ಲ. ಮರುದಿನ ಹತ್ತು ಗಂಟೆಗೆ ಬಂದ. ಮೇ ತಿಂಗಳ ಸೆಕೆ, ಸಿದ್ಧಕಟ್ಟೆಯ ನಾಯಿಗಳೂ ಅಂಗಡಿ ಜಗಲಿ ಬಿಟ್ಟು ಏಳದ ಹೊತ್ತು. ಹುಡುಗನ ಕೊರಳಲ್ಲಿ ಟೈ! ವೇಣೂರಿನಿಂದ ಬೈಕಿನಲ್ಲಿ ಬರುವಾಗ ಗಾಳಿಗೆ ಹಾರಿದ ಅದು ಹೆಗಲ ಹಿಂದೆ ಜಾರಿ ಕೂತದ್ದು ಅವನಿಗೆ ಗೊತ್ತೇ ಇರಲಿಲ್ಲ. "ಎಂತ ಮಗಾ, ಬ್ಯಾಂಕಲ್ಲಿ ಕೆಲಸ ಸಿಕ್ಕಿತಾ?" ಎನ್ನುತ್ತ ನನ್ನ ಹೆಂಡತಿ ಪುನರ್ಪುಳಿ ಶರಬತ್ತು ತಂದುಕೊಟ್ಟಳು. ಎರಡು ಲೋಟ ಗಟಗಟ ಕುಡಿದು, ತುಟಿ ಒರೆಸಿಕೊಂಡು, "ಬ್ಯಾಂಕಿಗಿಂತ ದೊಡ್ಡದು ಅತ್ತೆ" ಎಂದ.

ಆಮೇಲೆ ಚೀಲದಿಂದ ನೋಟ್‌ಬುಕ್ಕು ಹೊರಬಂತು. ಪುಟದ ಮೇಲ್ತುದಿಯಲ್ಲಿ ಒಂದು ಸೊನ್ನೆ ಬರೆದು "ಇದು ನೀವು" ಎಂದ. ಮೂವತ್ತೆರಡು ವರ್ಷ ಮಕ್ಕಳಿಗೆ ಸೊನ್ನೆ ಕೊಟ್ಟವನಿಗೆ ಕೊನೆಗೂ ಒಬ್ಬ ವಾಪಸು ಕೊಟ್ಟ. ಸೊನ್ನೆಯ ಕೆಳಗೆ ಆರು ಗೆರೆ, ಗೆರೆಗೊಂದು ಸೊನ್ನೆ. "ಇವು ನಿಮ್ಮ ಆರು ಲೆಗ್." ಆರು ಕಾಲಿದ್ದರೆ ಅದು ಜಿರಳೆ ಮಾರಾಯ, ಎಂದೆ. ನಗಲಿಲ್ಲ. ಇಂಥವರಿಗೆ ತರಬೇತಿಯಲ್ಲಿ ಮೊದಲು ಕಲಿಸುವುದೇ ನಗದಿರುವುದನ್ನು ಎಂದು ಕಾಣುತ್ತದೆ. "ನೀವು ಆರು ಜನರನ್ನು ಸೇರಿಸುದು, ಅವರು ಆರಾರು ಜನರನ್ನು ಸೇರಿಸುದು. ಇದಕ್ಕೆ ಡುಪ್ಲಿಕೇಶನ್ ಅಂತ ಹೇಳುದು ಮಾವ." ನಮ್ಮೂರಿನಲ್ಲಿ ಡುಪ್ಲಿಕೇಟ್ ಎಂದರೆ ಏನರ್ಥ ಎಂದು ಬಂಟ್ವಾಳ ಪೇಟೆಯ ಯಾವ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಕಂಪೆನಿಯವರೇ ಪ್ರಾಮಾಣಿಕವಾಗಿ ಆ ಹೆಸರಿಟ್ಟ ಮೇಲೆ ನಾವು ಸಂಶಯಪಡುವುದು ಯಾಕೆ?

ಆ ಚಿತ್ರ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಯೋಚಿಸಿದೆ. ಹೌದು, ನಮ್ಮ ಕುಟುಂಬದ ವಂಶವೃಕ್ಷ. ಅಳಿಯಸಂತಾನ ಕಟ್ಟಿನ ಕಾಲದ್ದು, ಆಸ್ತಿ ವ್ಯಾಜ್ಯಕ್ಕೆಂದು ವಕೀಲರು ಬರೆಸಿದ್ದು. 1949ರಲ್ಲಿ ಮದ್ರಾಸು ಸರಕಾರ ಅಳಿಯಸಂತಾನಕ್ಕೆ ಕಾಯ್ದೆ ಮಾಡಿ ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ನಮ್ಮ ಮನೆತನಗಳ ಗದ್ದೆಗಳೆಲ್ಲ ಹರಿದು ಹಂಚಿಹೋದವು. ಅಳಿಯಸಂತಾನದಲ್ಲಿ ಮಾವನ ಸೊತ್ತು ಅಳಿಯನಿಗೆ ಬರುತ್ತಿತ್ತು. ಇದರಲ್ಲೂ ಅಷ್ಟೇ. ಆದರೆ ಆ ಕಾಲದ ಅಳಿಯ ಮಾವ ಸಾಯುವವರೆಗಾದರೂ ಕಾಯುತ್ತಿದ್ದ.

ಗಣಿತದ ಮಾಸ್ಟ್ರ ಎದುರು ಲೆಕ್ಕ ಬಿಡಿಸಿದ್ದು ಹುಡುಗನ ತಪ್ಪು. ಪೆನ್ನು ಕಸಿದುಕೊಂಡೆ. ಆರು, ಮೂವತ್ತಾರು, 216, 1,296. ಐದನೇ ಸಾಲಿಗೆ 7,776 ಜನ. ಆರನೇ ಸಾಲಿಗೆ 46,656. ಇಡೀ ಮೂಡಬಿದ್ರಿ ಪೇಟೆ, ಸಾವಿರ ಕಂಬದ ಬಸದಿಗೆ ಬಂದ ಪ್ರವಾಸಿಗರನ್ನೂ ಸೇರಿಸಿ, ಈ ಒಂದು ಸಾಲಿಗೆ ಸಾಲುವುದಿಲ್ಲ. ಏಳನೆಯದು 2,79,936. ಎಂಟನೆಯದು 16,79,616. ಮೇಲಿನಿಂದ ಕೆಳಗೆ ಎಲ್ಲವನ್ನೂ ಕೂಡಿಸಿದರೆ 20,15,539. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20,89,649. ಎಂದರೆ ಎಂಟನೇ ಸಾಲು ಮುಗಿಯುವಾಗ ತೊಟ್ಟಿಲ ಮಗು, ಹಾಸಿಗೆ ಹಿಡಿದ ಅಜ್ಜಿ, ಮಂಗಳೂರಿನ ಜೈಲಿನಲ್ಲಿದ್ದವರು, ಎಲ್ಲರೂ ಸಿಲ್ವರ್ ಮೆಂಬರ್! ಒಂಬತ್ತನೇ ಸಾಲಿಗೆ ಒಂದು ಕೋಟಿ ಜನ ಬೇಕು. ಹತ್ತನೆಯದಕ್ಕೆ 6,04,66,176. ಅದೇ ಜನಗಣತಿಯಲ್ಲಿ ಕರ್ನಾಟಕವೇ ಇದ್ದದ್ದು ಆರು ಕೋಟಿ ಹನ್ನೊಂದು ಲಕ್ಷ.

"ಅಷ್ಟು ದೂರ ಹೋಗುದೇ ಬೇಡ ಮಾವ, ಮೂರನೇ ಲೆವೆಲ್ಲಿಗೇ ನೀವು ಸೆಟ್ಲ್" ಎಂದ.

ನಾನು ಸೆಟ್ಲ್ ಆದೇನು. ಎಂಟನೇ ಸಾಲಿನ ಹದಿನಾರೂ ಮುಕ್ಕಾಲು ಲಕ್ಷದ ಗತಿ? ಅವರ ಕೆಳಗೆ ಯಾರೂ ಇಲ್ಲ. ಚಮತ್ಕಾರ ನೋಡಿ, ಆಟವನ್ನು ಎಲ್ಲಿಯೇ ನಿಲ್ಲಿಸಿ, ಆರರಲ್ಲಿ ಐದು ಪಾಲು ಜನ ಯಾವಾಗಲೂ ಕೊನೆಯ ಸಾಲಿನಲ್ಲೇ ಇರುತ್ತಾರೆ. ಕೋಳಿ ಅಂಕದಲ್ಲಾದರೂ ಎರಡರಲ್ಲಿ ಒಂದು ಕೋಳಿ ಗೆಲ್ಲುತ್ತದೆ.

ಲೆಕ್ಕಕ್ಕೆ ಜಗ್ಗದಿದ್ದಾಗ ಹುಡುಗ ಮೊಬೈಲು ತೆಗೆದ. ಆ್ಯಪಿನ ವಾಲೆಟ್ಟಿನಲ್ಲಿ ಅವನ ಹೆಸರಿಗೆ 46,200 ರೂಪಾಯಿ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ತೆಗೆಯಲಿಕ್ಕೆ ಆಗ್ತದಾ ಎಂದು ಕೇಳಿದೆ. "ಈಗ ಆಗುದಿಲ್ಲ, ಇನ್ನು ನಾಲ್ಕು ಜನ ಸೇರಿ ರ‍್ಯಾಂಕ್ ಬಂದ ಮೇಲೆ." ಮನಿಯಾರ್ಡರು ಬಂದಿದೆ ಎಂದು ಪೋಸ್ಟ್‌ಮ್ಯಾನ್ ಗೇಟಿನ ಹೊರಗಿನಿಂದ ನೋಟು ಆಡಿಸಿ ತೋರಿಸಿ ಸೈಕಲು ಹತ್ತಿದ ಹಾಗೆ. ಆಫೀಸು ಎಲ್ಲುಂಟು? ದುಬೈಯಲ್ಲಿ. ಇಲ್ಲಿ? ಆನ್‌ಲೈನ್. ಸೇರಲಿಕ್ಕೆ ಎಷ್ಟು? 18,500. ಅದಕ್ಕೆ ಏನು ಕೊಡುತ್ತಾರೆ? ಹತ್ತು ಬಾಟ್ಲಿ. ಒಂದನ್ನು ಮೇಜಿನ ಮೇಲಿಟ್ಟ. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಬೊಜ್ಜು, ನಿದ್ದೆ ಬಾರದಿರುವುದು, ಎಲ್ಲಕ್ಕೂ ಅದೇ. ಕನ್ನಡಕ ಹಾಕಿಕೊಂಡು ಚೀಟಿಯ ಸಣ್ಣಕ್ಷರ ಓದಿದೆ. ಗಾರ್ಸೀನಿಯಾ ಇಂಡಿಕಾ.

ಗಾರ್ಸೀನಿಯಾ ಇಂಡಿಕಾ ಎಂದರೆ ಪುನರ್ಪುಳಿ. ನಮ್ಮ ಹಿತ್ತಲಿನಲ್ಲಿ ಎರಡು ಮರ ಇವೆ. ಹಣ್ಣು ಬಿದ್ದು ಬಿದ್ದು ಅಂಗಳ ಕೆಂಪಾಗಿದೆ, ಗುಡಿಸುವವರಿಲ್ಲ. ಈಗ ತಾನೇ ಅವನು ಎರಡು ಲೋಟ ಪುಕ್ಕಟೆ ಕುಡಿದದ್ದು ಅದನ್ನೇ.

ಇಷ್ಟಾದರೂ ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಅವನನ್ನು ಸೇರಿಸಿದ್ದು ಮೂಡಬಿದ್ರಿಯಲ್ಲಿರುವ ಅವನ ದೊಡ್ಡಪ್ಪನ ಮಗ, ಅವನನ್ನು ಸೇರಿಸಿದ್ದು ಬಿ.ಸಿ. ರೋಡಿನ ಭಾವ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ ಈ ಮೂರು ತಾಲೂಕಿನಲ್ಲಿ ಯಾವುದೇ ಬಸ್ಸು ಹತ್ತಿ, ಅರ್ಧ ಗಂಟೆ ಮಾತಾಡಿದರೆ ಪಕ್ಕದವ ಹೇಗಾದರೂ ಸಂಬಂಧ ಆಗಿಯೇ ಆಗುತ್ತಾನೆ. ನಮಗೆ ಸಂಬಂಧಿಕರಿಗೆ ಇಲ್ಲವೆನ್ನಲು ಬರುವುದಿಲ್ಲ. ಜಿಲ್ಲೆಯ ಹೆಸರನ್ನು ಮಂಗಳೂರು ಎಂದು ಬದಲಿಸಬೇಕೆಂದು ಕೆಲವರು ಒತ್ತಾಯಿಸುತ್ತಿದ್ದಾರಲ್ಲ, ನನ್ನನ್ನು ಕೇಳಿದರೆ ಒಂದು ದೀರ್ಘ, ಒಂದು ಒತ್ತು ಸೇರಿಸಿದರೆ ಸಾಕು: ದಾಕ್ಷಿಣ್ಯ ಕನ್ನಡ. ದಾಕ್ಷಿಣ್ಯಕ್ಕೆ ಬಸುರಾಗುವ ಗಾದೆ ಹುಟ್ಟಿದ್ದು ಎಲ್ಲಿಯೋ ಏನೋ, ಬೆಳೆದದ್ದು ಮಾತ್ರ ಇಲ್ಲಿಯೇ. ಈ ಕಂಪೆನಿಗಳ ನಿಜವಾದ ಸರಕು ಬಾಟ್ಲಿಯೊಳಗೆ ಇರುವುದೇ ಇಲ್ಲ. ನಾವು ಬಾಯಿ ಬಿಟ್ಟು ಇಲ್ಲವೆನ್ನಲಾರದ ಆ ಅರೆನಿಮಿಷವನ್ನು ಅವರು ಮಾರುವುದು.

ಇದೇ ಊರಿನವರು ದುಡ್ಡಿನ ವಿಷಯದಲ್ಲಿ ದಡ್ಡರೇ ಎಂದರೆ ಅದೂ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಐದು ಬ್ಯಾಂಕು ಹೆತ್ತ ಜಿಲ್ಲೆ ಇದು. ಮೂರರ ಹೆಸರನ್ನು 2019, 2020ರ ವಿಲೀನದಲ್ಲಿ ಅಳಿಸಿಹಾಕಿದರು, ಆ ಸಂಕಟ ಬೇರೆ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಏಜೆಂಟ ಮನೆಮನೆಗೆ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದನಂತೆ. ಎರಡಾಣೆ ಕೊಂಡು ಹೋಗುವಾಗ "ಇನ್ನೂ ಆರು ಜನರನ್ನು ತೋರಿಸಿ, ಇಲ್ಲದಿದ್ದರೆ ನಿಮ್ಮ ಎರಡಾಣೆ ಸಿಗುವುದಿಲ್ಲ" ಎಂದು ಅವನು ಹೇಳಲಿಲ್ಲ. ಬೀಡಿ ಬ್ರಾಂಚಿಗೆ ಹೋಗುವ ನಮ್ಮ ನೆರೆಮನೆಯಾಕೆಗೂ ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬೀಡಿ ಕಟ್ಟುವ ಆರು ಹೆಂಗಸರನ್ನು ಕರೆತಂದದ್ದಕ್ಕಲ್ಲ.

ನಮ್ಮ ಬುದ್ಧಿ ಕೆಟ್ಟದ್ದು ಇಂಟರ್ನೆಟ್ ಬಂದ ಮೇಲೆ ಎನ್ನಲೂ ಆಗುವುದಿಲ್ಲ. ತೊಂಬತ್ತರ ದಶಕದಲ್ಲಿ ಚೆನ್ನೈಯ ಅನುಭವ್ ಪ್ಲಾಂಟೇಶನ್ಸ್ ಸಾಗುವಾನಿ ಗಿಡ ತೋರಿಸಿ ಜನರ ದುಡ್ಡು ಎತ್ತಿ 1998ರಲ್ಲಿ ಮಗುಚಿತು. ಹೆಸರೇ ಅನುಭವ, ಸಿಕ್ಕಿದ್ದೂ ಅದೇ. 2010ರಲ್ಲಿ ಸ್ಪೀಕ್ ಏಷ್ಯಾ ಬಂತು. 11,000 ರೂಪಾಯಿ ಕಟ್ಟಿ, ವಾರಕ್ಕೆ ಎರಡು ಸರ್ವೆಗೆ ಉತ್ತರಿಸಿ, ಒಂದೊಂದಕ್ಕೆ 500 ಪಡೆಯಿರಿ ಎಂಬ ಲೆಕ್ಕ. ಯಾವ ಸೋಪು ಇಷ್ಟ ಎಂದು ಹೇಳಿದ್ದಕ್ಕೆ 500 ರೂಪಾಯಿ! ಆ ಸರ್ವೆಯ ಉತ್ತರವನ್ನು ಕೊಳ್ಳುವ ಪುಣ್ಯಾತ್ಮ ಯಾರು ಎಂದು ಯಾರೂ ಕೇಳಲಿಲ್ಲ. ಪತ್ರಿಕೆ, ಟೀವಿಯವರು ಕೇಳಿದಾಗ ಉತ್ತರ ಇರಲಿಲ್ಲ. ಮುಂಬೈ ಪೊಲೀಸರ ಲೆಕ್ಕದಲ್ಲಿ ಸುಮಾರು 24 ಲಕ್ಷ ಜನರ 2,200 ಕೋಟಿಗೂ ಮಿಕ್ಕಿದ ದುಡ್ಡು. ನನ್ನ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಕೂತು ಮೂರು ಐಡಿಗಳಲ್ಲಿ ಸರ್ವೆ ತುಂಬುತ್ತಿದ್ದರು, ಹೆಂಡತಿಯದು, ಅತ್ತೆಯದು, ತಮ್ಮದು. ಮೂರು ಐಡಿಗೂ ಒಂದೇ ಸೋಪು ಇಷ್ಟ.

2024ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಇನ್ನೂ ದೊಡ್ಡ ಆಟ ನಡೆಯಿತು. ಮೊಬೈಲಿನಲ್ಲಿ ಜಾಹೀರಾತು ನೋಡಿದರೆ ದುಡ್ಡು ಎನ್ನುವ ಮೈವಿ3 ಆಡ್ಸ್ ಮೇಲೆ ಪೊಲೀಸರು ಕೇಸು ಹಾಕಿದ್ದೇ ತಡ, ಸಾವಿರಾರು ಜನ ಬೀದಿಗಿಳಿದರು. ಕಂಪೆನಿಯ ವಿರುದ್ಧವಲ್ಲ ಮಾರಾಯ್ರೆ, ಕಂಪೆನಿಯ ಪರವಾಗಿ! ಕಳ್ಳನನ್ನು ಹಿಡಿಯಲು ಬಂದ ಪೊಲೀಸರಿಗೆ ಕಳೆದುಕೊಂಡವನೇ ಅಡ್ಡ ನಿಲ್ಲುವುದು ಯಕ್ಷಗಾನದ ಹಾಸ್ಯಗಾರನಿಗೂ ಹೊಳೆಯದ ಪ್ರಸಂಗ. ಆದರೆ ಯೋಚಿಸಿ, ಕಂಪೆನಿ ಮುಚ್ಚಿದರೆ ತನ್ನ ದುಡ್ಡು ಹೋಗುವುದು ಮಾತ್ರವೇ? ತಾನು ಸೇರಿಸಿದ ಆರು ಮಂದಿ ಸಂಬಂಧಿಕರ ಮದುವೆ, ಬೊಜ್ಜಗಳಿಗೆ ಮುಂದೆ ಯಾವ ಮುಖ ಹೊತ್ತು ಹೋಗುವುದು? ಅದೇ ತಿಂಗಳು ಇತ್ತ ತ್ರಿಶೂರಿನಲ್ಲಿ, ದಿನಸಿ ಸಾಮಾನು ಆನ್‌ಲೈನಿನಲ್ಲಿ ಮಾರುತ್ತೇವೆ ಎನ್ನುತ್ತಿದ್ದ ಹೈರಿಚ್ ಮೇಲೆ ಜಾರಿ ನಿರ್ದೇಶನಾಲಯದ ದಾಳಿ. ಪೊಲೀಸರು ಕೋರ್ಟಿಗೆ ಕೊಟ್ಟ ವರದಿಯಲ್ಲಿದ್ದ ಮೊತ್ತ 1,630 ಕೋಟಿ. ಅಕ್ಕಿ ಬೇಳೆ ಮಾರಿ ಅಷ್ಟಾಗುವುದಿದ್ದರೆ ನಮ್ಮ ಸೊಸೈಟಿ ಯಾವತ್ತೋ ವಿಮಾನ ಕೊಳ್ಳಬೇಕಿತ್ತು. ಇನ್ನು ನಮ್ಮ ಕರಾವಳಿಯ ತಿಂಗಳಿಗೊಂದು ಡ್ರಾ ಎತ್ತುವ ಲಕ್ಕಿ ಸ್ಕೀಮುಗಳ ಕಥೆ ನಿಮಗೇ ಗೊತ್ತುಂಟು, ನಾನು ಹೇಳಿದರೆ ನಾಳೆ ನಾಲ್ಕು ಜನ ಮಾತು ಬಿಡುತ್ತಾರೆ.

ಈ ನಡುವೆ ಹುಡುಗ ಕಾಗದಗಳನ್ನು ಹರಡಿದ್ದ. ಕಂಪೆನಿ ನೋಂದಣಿ ಪತ್ರ, ಪ್ಯಾನ್, ಜಿಎಸ್‌ಟಿ. "ನೋಡಿ ಮಾವ, ಪೂರಾ ಲೀಗಲ್. ಟಿಡಿಎಸ್ ಕೂಡ ಕಟ್ ಮಾಡ್ತಾರೆ." ಟಿಡಿಎಸ್ ಕಡಿದರೆ ಸರಕಾರ ಒಪ್ಪಿದ ಹಾಗೆ ಎಂಬ ನಂಬಿಕೆ ಹೇಗೆ ಹುಟ್ಟಿತೋ. ನೋಂದಣಿ ಪತ್ರ ಎಂದರೆ ಕಂಪೆನಿಯ ಜನನ ಪ್ರಮಾಣಪತ್ರ, ಅಷ್ಟೆ. ಚಾರ್ಲ್ಸ್ ಶೋಭರಾಜನಿಗೂ ಒಂದು ಇದ್ದೀತು. ನಾನು ಕೇಳಿದ್ದು ಬೇರೆ ಕಾಗದ. 2021ರ ಡಿಸೆಂಬರ್ 28ಕ್ಕೆ ಕೇಂದ್ರ ಸರಕಾರ ನೇರ ಮಾರಾಟದ ನಿಯಮಗಳನ್ನು ಹೊರಡಿಸಿದೆ. ಅದರ ಪ್ರಕಾರ ಕಂಪೆನಿಗೆ ಭಾರತದಲ್ಲಿ ಆಫೀಸು ಇರಬೇಕು, ದೂರು ಕೇಳುವ ಅಧಿಕಾರಿ ಇರಬೇಕು, ಮಾರುವವನ ಜೊತೆ ಲಿಖಿತ ಕರಾರು ಆಗಿರಬೇಕು. ಇನ್ನೊಬ್ಬನನ್ನು ತೋರಿಸಿದರೆ ನೀನು ಕೊಟ್ಟ ದುಡ್ಡು ಹಿಂದೆ ಬರುತ್ತದೆ ಎಂದು ಆಸೆ ಹುಟ್ಟಿಸಿ ಮಾರುವಂತಿಲ್ಲ. "ನೀನು ಬಂದ ಕೂಡಲೇ ಹೇಳಿದ್ದು ಅದನ್ನೇ ಅಲ್ವಾ?" ಎಂದೆ. ಟೈಯ ಗಂಟು ಸ್ವಲ್ಪ ಸಡಿಲಿಸಿಕೊಂಡ. ನನಗೆ ಬಹಳ ಇಷ್ಟವಾದ ನಿಯಮ ಇನ್ನೊಂದುಂಟು: ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮಾರಾಟಗಾರ ಗಿರಾಕಿಯ ಮನೆಗೆ ಹೋಗಬಾರದು. ದಿಲ್ಲಿಯಲ್ಲಿ ಕೂತು ಇದನ್ನು ಬರೆದ ಅಧಿಕಾರಿಗೆ ಅಳಿಯಂದಿರು ಇಲ್ಲ ಎಂಬುದು ಖಂಡಿತ. ಆದರೂ ನಮ್ಮ ಹುಡುಗ ಆ ಒಂದು ನಿಯಮವನ್ನು ಪಾಲಿಸಿದ್ದ, ಹಿಂದಿನ ದಿನ ಫೋನು ಮಾಡಿದ್ದನಲ್ಲ.

1978ರ ಕಾಯ್ದೆ ಇನ್ನೂ ಹಳೆಯದು, ಇನ್ನೂ ಖಾರದ್ದು. ಸದಸ್ಯರನ್ನು ಸೇರಿಸಿದ್ದರ ಮೇಲೆ ಸುಲಭದ ದುಡ್ಡು ಕೊಡುವ ಹಣ ಚಲಾವಣೆ ಯೋಜನೆಗಳನ್ನು ಅದು ನಿಷೇಧಿಸಿದೆ. ನಡೆಸಿದವನಿಗೂ ಪ್ರಚಾರ ಮಾಡಿದವನಿಗೂ ಮೂರು ವರ್ಷದವರೆಗೆ ಸಜೆ, 5,000 ರೂಪಾಯಿವರೆಗೆ ದಂಡ. 1978ರ ರೂಪಾಯಿ ಅದು, ಈಗ ಸೇರುವ ಶುಲ್ಕದ ಮೂರನೇ ಒಂದು ಪಾಲೂ ಇಲ್ಲ. "ಪ್ರಚಾರ ಮಾಡಿದವ ಅಂದ್ರೆ?" ಎಂದು ಕೇಳಿದ. ಅವನ ನೋಟ್‌ಬುಕ್ಕನ್ನು ಅವನ ಕಡೆಗೇ ತಿರುಗಿಸಿ ಇಟ್ಟೆ.

"ಹಾಗಾದ್ರೆ ಎಲ್ಲ ಲೊಟ್ಟೆಯಾ ಮಾವ? ಆಮ್‌ವೇ ಇಷ್ಟು ವರ್ಷದಿಂದ ಇಲ್ವಾ?" ಒಳ್ಳೆಯ ಪ್ರಶ್ನೆ. ಆಮ್‌ವೇಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವರ್ಷಗಟ್ಟಲೆ ಜಾಲಾಡಿ 1979ರಲ್ಲಿ ಇದು ಪಿರಮಿಡ್ ಅಲ್ಲ ಎಂದಿತು. ಕಾರಣ, ಅವರ ಪುಸ್ತಕದಲ್ಲಿ ಮೂರು ಕಟ್ಟಳೆ ಇದ್ದವು. ಮಾರಾಟವಾಗದ ಸರಕನ್ನು ಹಿಂದೆ ಕೊಳ್ಳಬೇಕು, ಕೊಂಡದ್ದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮಾರಿ ಮುಗಿಸಿದ ಮೇಲೆಯೇ ಹೊಸದು ತರಿಸಬೇಕು, ತಿಂಗಳಿಗೆ ಹತ್ತು ಬೇರೆ ಬೇರೆ ಗಿರಾಕಿಗಳಿಗಾದರೂ ಮಾರಿರಬೇಕು. ಅದೇ ಆಮ್‌ವೇಯ ಭಾರತದ ಮುಖ್ಯಸ್ಥರನ್ನು 2013ರಲ್ಲಿ ಕೇರಳದವರು, 2014ರಲ್ಲಿ ಆಂಧ್ರದವರು ಬಂಧಿಸಿದ್ದೂ, 2022ರಲ್ಲಿ ಜಾರಿ ನಿರ್ದೇಶನಾಲಯ ಪಿರಮಿಡ್ ವಂಚನೆಯ ಆರೋಪ ಹೊರಿಸಿ 757 ಕೋಟಿ ರೂಪಾಯಿಯ ಆಸ್ತಿ ಮುಟ್ಟುಗೋಲು ಹಾಕಿದ್ದೂ ಉಂಟು. ಒಂದೇ ಕಂಪೆನಿಗೆ ಒಂದು ಕಡೆ ಪಾಸು, ಇನ್ನೊಂದು ಕಡೆ ಕೇಸು. ಅಷ್ಟು ದೊಡ್ಡವರೇ ಕೋರ್ಟು ಕಚೇರಿಯಲ್ಲಿ ಒಮ್ಮತಕ್ಕೆ ಬಾರದ ವಿಷಯವನ್ನು ಸಿದ್ಧಕಟ್ಟೆಯ ಜಗಲಿಯಲ್ಲಿ ಕೂತ ಪೆನ್ಶನ್‌ದಾರ ತೀರ್ಮಾನಿಸುವುದು ಹೇಗೆ?

ಆದರೆ ಆ ಹತ್ತು ಗಿರಾಕಿಗಳ ಕಟ್ಟಳೆ ನನಗೆ ಹಿಡಿಸಿತು. ನಾನು ಅದಕ್ಕೆ ದಾಕ್ಷಿಣ್ಯ ಕನ್ನಡದ ಒಂದು ತಿದ್ದುಪಡಿ ತಂದೆ. "ನೋಡು, ಕಂಪೆನಿಯ ಕಾಗದ ಬೇಡ, ದುಬೈ ಬೇಡ. ಈ ಬಾಟ್ಲಿ ಹಿಡ್ಕೊಂಡು ಮೂಡಬಿದ್ರಿ ಬಸ್‌ಸ್ಟ್ಯಾಂಡಿಗೆ ಹೋಗು. ಸೇರುವ ವಿಷಯ ಒಂದಕ್ಷರ ಎತ್ತಬಾರದು. ನಾನು ಇಂಥವರ ಮಗ ಅಂತಲೂ ಹೇಳಬಾರದು. ಸೇರದ ಗಿರಾಕಿ ಒಬ್ಬ 1,850 ಕೊಟ್ಟು ಈ ಪುನರ್ಪುಳಿ ಕೊಂಡರೆ, ಅದು ವ್ಯಾಪಾರ. ನಾನು ಆ ದಿನವೇ ಸೇರುತ್ತೇನೆ."

ಹುಡುಗ ಬಹಳ ಹೊತ್ತು ಬಾಟ್ಲಿ ನೋಡುತ್ತ ಕೂತ. ಆಗ ಹೊರಬಿದ್ದದ್ದು ಮುಖ್ಯ ವಿಷಯ: ಆ 18,500 ಅವನದಲ್ಲ, ಅಕ್ಕ ಸಂಘದಲ್ಲಿ ಸಾಲ ತೆಗೆದು ಕೊಟ್ಟದ್ದು. ವಾರವಾರ ಕಂತು ಕಟ್ಟುತ್ತಿದ್ದಾಳೆ, ಗಂಡನಿಗೆ ಗೊತ್ತಿಲ್ಲ. ನನ್ನ ಹಾಸ್ಯವೆಲ್ಲ ಅಲ್ಲಿಗೆ ಬಾಯಿ ಮುಚ್ಚಿತು. ಸೈಬರ್ ದೂರಿನ ನಂಬರು 1930 ಎಂದು ಅವನ ನೋಟ್‌ಬುಕ್ಕಿನ ಸೊನ್ನೆಗಳ ಕೆಳಗೆ ಬರೆದುಕೊಟ್ಟೆ, ದುಡ್ಡು ಕಳಿಸಿದ ರಶೀದಿ, ಮೆಸೇಜು ಯಾವುದನ್ನೂ ಅಳಿಸಬೇಡ ಎಂದೆ. ದೊಡ್ಡಪ್ಪನ ಮಗನ ಮೇಲೆ ದೂರು ಕೊಟ್ಟ ಹಾಗೆ ಆಗುದಿಲ್ವಾ ಮಾವ, ಎಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಪೇಟೆಯಿಂದ ಮೀನು ತರುತ್ತೇನೆ, ಊಟ ಮಾಡಿಯೇ ಹೋಗು ಎಂದು ಚೀಲ ಹಿಡಿದು ಹೊರಟೆ.

ಬರುವಾಗ ಹುಡುಗ ಬೈಕು ಹತ್ತಿ ಆಗಿತ್ತು. ಮೂಡಬಿದ್ರಿಗೆ ಹೋಗಬೇಕಂತೆ, ಅರ್ಜೆಂಟಂತೆ. ನನ್ನ ಮಾತು ನಾಟಿತು ಎಂದು ಬಂಗುಡೆಯ ಜೊತೆಗೆ ಸ್ವಲ್ಪ ಹೆಮ್ಮೆಯನ್ನೂ ಹುರಿದುಕೊಂಡು ಉಂಡೆ.

ಸಂಜೆ ಫೋನು ಬಂತು. ದನಿಯಲ್ಲಿ ಟೈ ಮತ್ತೆ ಬಿಗಿದಿತ್ತು. "ಮಾವ, ಪರೀಕ್ಷೆ ಪಾಸ್! ಸೇರದ ಗಿರಾಕಿ ಸಿಕ್ಕಿದ್ರು. ಸೇರುವ ವಿಷಯ ನಾನು ಎತ್ತಲೇ ಇಲ್ಲ, ಅವರಾಗಿಯೇ ಕೇಳಿ ತಗೊಂಡ್ರು. ಫುಲ್ ರೇಟು, ಕ್ಯಾಶ್. ಅಪ್‌ಲೈನಿಗೆ ಹೇಳಿದೆ, ಭಾರೀ ಖುಷಿ. ನಿಮ್ಮ ಆಧಾರ್ ಕಾರ್ಡಿನ ಒಂದು ಫೋಟೋ ಕಳಿಸಿ ಆಯ್ತಾ?"

ಮೂಡಬಿದ್ರಿಯಲ್ಲಿ ಅಂಥ ಮಹಾನುಭಾವ ಯಾರಿರಬಹುದು ಎಂದು ಯೋಚಿಸುತ್ತ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಕಪಾಟಿನ ಮೇಲೆ, ಶರಬತ್ತಿನ ಭರಣಿಯ ಪಕ್ಕ, ಕಂದು ಬಾಟ್ಲಿ ನಿಂತಿತ್ತು. ಹೆಂಡತಿ ನನ್ನ ಕಡೆ ತಿರುಗಲೂ ಇಲ್ಲ.

"ನಾನು ಸೇರಲಿಲ್ಲ ಮಾರಾಯ್ರೆ, ಕೊಂಡದ್ದು ಮಾತ್ರ. ನೀವು ಮೀನಿಗೆ ಹೋದಾಗ ಒಬ್ಬನೇ ಕೂತಿದ್ದ, ಮುಖ ಸಣ್ಣದಾಗಿತ್ತು. ಅಕ್ಕನ ಮಗ ಅಲ್ವಾ."

ರಾತ್ರಿ ಊಟದ ಮೇಲೆ ಚೀಟಿಯಲ್ಲಿ ಬರೆದಂತೆ ಇಬ್ಬರೂ ಒಂದೊಂದು ಮುಚ್ಚಳ ಕುಡಿದೆವು. "ನಮ್ಮದಕ್ಕಿಂತ ಹುಳಿ ಕಮ್ಮಿ" ಎಂದಳು.